ಔಷಧಿ ಒಳ್ಳೆಯದು, ಬಾಟಲಿ ಸುಮಾರು: ಮಕ್ಕಳ ಆಂಟಿಬಯೋಟಿಕ್ ಡ್ರೈ ಸಿರಪ್ ವಿಮರ್ಶೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ಔಷಧಿಗೆ ಐದಕ್ಕೆ ನಾಲ್ಕೂವರೆ. ಬಾಟಲಿ, ಲೇಬಲ್, ಅಳತೆಯ ಮುಚ್ಚಳ ಎಲ್ಲಾ ಸೇರಿ ಎರಡು. ಅದನ್ನು ಮಾರಿದ ಮೆಡಿಕಲ್ ಅಂಗಡಿಗೆ ಪೂರ್ತಿ ಐದು. ಅಂಗಡಿ ಹೆಸರು ಬರೆಯುವುದಿಲ್ಲ, ಯಜಮಾನರು ಬೇಡ ಅಂದಿದ್ದಾರೆ. ಗದಗಿನ ಮುಳಗುಂದ ನಾಕಾ ಕಡೆಯದು ಅಂತಷ್ಟೇ ಇಟ್ಟುಕೊಳ್ಳಿ. ಕಂಪನಿ ಹೆಸರೂ ಬೇಡ. ಈ ಔಷಧಿಯನ್ನು ಎಷ್ಟೋ ಕಂಪನಿಗಳು ಮಾಡುತ್ತವೆ. ನಾನು ನೋಡಿದ್ದು ಒಂದನ್ನು. ನಿಮ್ಮ ಮನೆಗೆ ಬರುವ ಬಾಕ್ಸನ್ನು ನೀವೇ ತಿರುಗಿಸಿ ನೋಡುವುದು ವಾಸಿ.

ಔಷಧಿ ಯಾವುದು ಅಂದರೆ ಅಮಾಕ್ಸಿಸಿಲಿನ್ ಮತ್ತು ಕ್ಲಾವ್ಯುಲನೇಟ್ ಜೋಡಿ. ದೊಡ್ಡವರಿಗೆ ಬರೆಯುವ 625 ಗುಳಿಗೆ ಗೊತ್ತಲ್ವಾ, ಅದೇ ಇದು, ಮಕ್ಕಳಿಗಾಗಿ ಪುಡಿ ರೂಪದಲ್ಲಿ. ಬಾಟಲಿಯ ತಳದಲ್ಲಿ ಒಣ ಪುಡಿ ಇರುತ್ತದೆ. ಮನೆಗೆ ತಂದು ನೀರು ಬೆರೆಸಿ ಸಿರಪ್ ಮಾಡಿಕೊಳ್ಳಬೇಕು. ಅಂದರೆ ಔಷಧಿ ತಯಾರಿಯ ಕೊನೆಯ ಕೆಲಸ ಫ್ಯಾಕ್ಟರಿಯಲ್ಲಿ ಅಲ್ಲ, ನಮ್ಮ ಅಡುಗೆಮನೆಯಲ್ಲಿ ಆಗುತ್ತದೆ. ನನ್ನ ತಕರಾರೆಲ್ಲಾ ಈ ಜಾಗದಲ್ಲೇ ಶುರುವಾಗುವುದು.

ನಾನು ಇಲ್ಲಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಗದಗ ಅಂದರೆ ಪ್ರೆಸ್ಸು, ಬೆಟಗೇರಿ ಅಂದರೆ ಮಗ್ಗ, ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಉಪ್ಪಿನಕಾಯಿ ಬಾಟಲಿಯ ಲೇಬಲ್, ಇದೇ ನನ್ನ ದಿನಚರಿ. ಹಾಗಾಗಿ ಯಾವ ಪೊಟ್ಟಣ ಕೈಗೆ ಬಂದರೂ ಮೊದಲು ಅಕ್ಷರದ ಸೈಜು ನೋಡುತ್ತೇನೆ. ಮನೆಯವರಿಗೆ ಇದು ತಲೆನೋವು. ಆಮೇಲೆ ಒಳಗೇನಿದೆ ಅಂತ ನೋಡುತ್ತೇನೆ.

ಮಗಳಿಗೆ ಐದು ವರ್ಷ. ನೆಗಡಿ ಆಗಿತ್ತು, ಹಿಂದೆಯೇ ಕಿವಿನೋವು ಬಂತು. ಡಾಕ್ಟರು ಕಿವಿಯೊಳಗೆ ಲೈಟ್ ಹಾಕಿ ನೋಡಿ ಮೊದಲ ದಿನ ಆಂಟಿಬಯೋಟಿಕ್ ಬರೆಯಲೇ ಇಲ್ಲ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ ಬರೆದರು. "ನೆಗಡಿ ವೈರಸ್ಸಿಂದ ಬರೂದ್ರಿ. ಅದಕ್ಕ ಆಂಟಿಬಯೋಟಿಕ್ ಏನೂ ಮಾಡಂಗಿಲ್ಲ. ಕಿವಿನೋವೂ ಎಷ್ಟೋ ಸಲ ತಾನ ಕಡಿಮಿ ಆಗ್ತೈತಿ. ಎರಡು ದಿನ ನೋಡೂಣು, ಜ್ವರ ಏರಿದ್ರ, ಕಿವಿ ಸೋರಿದ್ರ ಕೂಡ್ಲೇ ಕರ್ಕೊಂಡು ಬರ್ರಿ" ಅಂದರು. ಫೀಸು ಕೊಟ್ಟೂ ಔಷಧಿ ಬರೆಸಿಕೊಳ್ಳದೆ ಬಂದಿರಲ್ಲ ಅಂತ ಮನೆಯಲ್ಲಿ ಅವ್ವನ ಬೇಸರ. ನನಗೆ ಮಾತ್ರ ಆ ಡಾಕ್ಟರ ಮೇಲೆ ನಂಬಿಕೆ ಬಂದದ್ದೇ ಅಲ್ಲಿ.

ಆ ನಡುವೆ ಒಂದು ಸಂಜೆ ಪ್ಯಾರಾಸಿಟಮಾಲ್ ತರಲು ಇನ್ನೊಂದು ಅಂಗಡಿಗೆ ಹೋಗಿದ್ದೆ. ಯಾವ ಅಂಗಡಿ ಅಂತ ಹೇಳುವುದಿಲ್ಲ. ಕಿವಿನೋವು ಅಂದಿದ್ದೇ ತಡ, ಕೌಂಟರಿನ ಹುಡುಗ, "ಅಜಿಥ್ರೋ ಸಿರಪ್ ಕೊಡ್ಲೇನ್ರಿ? ಮೂರು ದಿನದಾಗ ಆರಾಮ ಆಗ್ತೈತಿ" ಅಂದ. ಚೀಟಿ ಕೇಳಲಿಲ್ಲ. ಮಗು ಎಷ್ಟು ದೊಡ್ಡದು ಅಂತಲೂ ಕೇಳಲಿಲ್ಲ. ಅಜಿಥ್ರೋಮೈಸಿನ್ ಕೂಡ ಚೀಟಿ ಇಲ್ಲದೆ ಮಾರಬಾರದ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಸಾಮಾನ್ಯ ಸೋಂಕಿಗೆ ಮೊದಲು ಬಳಸಬಹುದಾದವು ಒಂದು ಗುಂಪು. ಬ್ಯಾಕ್ಟೀರಿಯಾ ಬೇಗ ಪಳಗಿಬಿಡುವ ಭಯ ಇರುವುದರಿಂದ ಹುಷಾರಾಗಿ ಬಳಸಬೇಕಾದವು ಇನ್ನೊಂದು. ಕೊನೆಯ ಗತಿ ಅಂತ ಎತ್ತಿಡಬೇಕಾದವು ಮೂರನೆಯದು. ನಮ್ಮ ಅಮಾಕ್ಸಿಸಿಲಿನ್ ಜೋಡಿ ಮೊದಲ ಗುಂಪಿನಲ್ಲಿದೆ. ಅಜಿಥ್ರೋಮೈಸಿನ್, ಸೆಫಿಕ್ಸಿಮ್ ಎರಡನೆಯದರಲ್ಲಿ. ಆ ಎರಡನೆಯ ಗುಂಪಿನ ಔಷಧಿಯನ್ನೇ ಕೌಂಟರಿನಲ್ಲಿ ಕೆಮ್ಮಿನ ಗುಳಿಗೆ ಕೊಟ್ಟ ಹಾಗೆ ಕೊಡಲು ಹೊರಟಿದ್ದ. ಬೇಡ ಅಂದೆ. ಅವನಿಗೂ ಬೇಜಾರಿಲ್ಲ, ಚಿಲ್ಲರೆ ಕೊಟ್ಟು ಮುಂದಿನ ಗಿರಾಕಿಯತ್ತ ತಿರುಗಿದ.

ಜ್ವರ ಏರಿತು, ಕಿವಿಯಿಂದ ಕೀವೂ ಬಂತು. ಡಾಕ್ಟರು ಈಗ ಬರೆದುಕೊಟ್ಟರು: 457ರ ಡ್ರೈ ಸಿರಪ್, 5 ಎಂಎಲ್, ಬೆಳಿಗ್ಗೆ ಸಂಜೆ, 7 ದಿನ. ಇದು ನನ್ನ ಮಗಳನ್ನು ತೂಕದ ಮಷೀನಿನ ಮೇಲೆ ನಿಲ್ಲಿಸಿ ಲೆಕ್ಕ ಹಾಕಿ ಬರೆದದ್ದು. ನಿಮ್ಮ ಮಗುವಿನ ಲೆಕ್ಕ ಬೇರೆ. ದಯವಿಟ್ಟು ಇದನ್ನು ನಕಲು ಮಾಡಬೇಡಿ.

ಚೀಟಿ ಹಿಡಿದು ನಾಕಾದ ಅಂಗಡಿಗೆ ಹೋದೆ. ಇಲ್ಲಿಂದ ಮುಂದೆ ಅಂಗಡಿಯ ವಿಮರ್ಶೆ ಯಾವುದು, ಔಷಧಿಯ ವಿಮರ್ಶೆ ಯಾವುದು ಅಂತ ಬಿಡಿಸುವುದು ಕಷ್ಟ.

ಅಂಗಡಿ ಚಿಕ್ಕದು. ಮುಂದೆ ನಾಲ್ಕು ಜನ ನಿಂತರೆ ಐದನೆಯವರು ರಸ್ತೆಯಲ್ಲಿ. ಎಸಿ ಇದೆ, ಗಿರಾಕಿಗಳಿಗಲ್ಲ, ಔಷಧಿಗಳಿಗೆ. ಈ ಪುಡಿ ಬಾಟಲಿಗಳನ್ನು ತೆರೆಯುವ ಮುಂಚೆಯೂ 25 ಡಿಗ್ರಿ ಒಳಗೆ, ಒಣ ಜಾಗದಲ್ಲಿ ಇಡಬೇಕು. ಏಪ್ರಿಲ್ ಮೇನಲ್ಲಿ ಗದಗಿನ ತಗಡಿನ ಶೀಟಿನ ಕೆಳಗೆ ಅದು ಹೇಗೆ ಸಾಧ್ಯ? ಕ್ಲಾವ್ಯುಲನೇಟ್‌ಗೆ ತೇವ ಅಂದರೆ ಆಗಿಬರುವುದಿಲ್ಲ. ನೀರು ತಗುಲಿದ ಗಳಿಗೆಯಿಂದ ಅದರ ಶಕ್ತಿ ಇಳಿಯಲು ಶುರು. ಪುಡಿಯಾಗಿ ಮಾರುವುದು ಅದಕ್ಕೇ. ಹಾಗಾಗಿ ಮೆಡಿಕಲ್ ಅಂಗಡಿ ಆರಿಸುವಾಗ ಒಳಗೆ ತಂಪಿದೆಯಾ ಅಂತ ನೋಡುವುದು ನನ್ನ ಹೊಸ ಅಭ್ಯಾಸ.

ಯಜಮಾನರು ಚೀಟಿ ಓದಿ ಮೂರು ಪ್ರಶ್ನೆ ಕೇಳಿದರು. ತೂಕ ಎಷ್ಟು, ಬೇರೆ ಔಷಧಿ ಏನಾದರೂ ನಡೆಯುತ್ತಿದೆಯಾ, ಪೆನ್ಸಿಲಿನ್ ಆಗಿಬರುತ್ತದಾ. ಮೂರನೆಯದಕ್ಕೆ ನಾನು, "ಇಕಿಗೆ ಏನಿಲ್ರಿ, ನಮ್ಮಪ್ಪಗ ಆಗಿ ಬರಂಗಿಲ್ಲ, ಹಿಂದ ಇಂಜೆಕ್ಷನ್ ಕೊಟ್ಟಾಗ ಮೈತುಂಬ ದದ್ದು ಎದ್ದಿದ್ವು" ಅಂದೆ. ಅಮಾಕ್ಸಿಸಿಲಿನ್ ಪೆನ್ಸಿಲಿನ್ ಮನೆತನದ್ದೇ. ಅವರು ತಕ್ಷಣ ಡಾಕ್ಟರಿಗೆ ಫೋನ್ ಹಚ್ಚಿದರು. ಮಗು ಹಿಂದೆ ಇದೇ ಔಷಧಿ ತೊಂದರೆ ಇಲ್ಲದೆ ತೆಗೆದುಕೊಂಡಿದೆ, ಅಜ್ಜನಿಗೆ ಅಲರ್ಜಿ ಇದೆ ಅಂತ ಮೊಮ್ಮಗಳಿಗೆ ನಿಲ್ಲಿಸಬೇಕಾಗಿಲ್ಲ, ಕೊಡಿ ಅಂತ ಡಾಕ್ಟರು ಹೇಳಿದರು. ಎರಡು ನಿಮಿಷದ ಕೆಲಸ. ಹಿಂದೆ ನಿಂತವರು ಗೊಣಗಿದರು, ಅವರು ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಕೌಂಟರಿನ ಮೇಲೆ ಎರಡು ಬಾಕ್ಸ್ ಪಕ್ಕಪಕ್ಕ ಇಟ್ಟರು. "ನೀವು ಪ್ರೆಸ್ಸಿನವರಲ್ರಿ, ಫರಕ್ ಹೇಳ್ರಿ ನೋಡೂಣು." ಅದೇ ಬಿಳಿ, ಅದೇ ನೀಲಿ ಪಟ್ಟಿ, ಅದೇ ಅಕ್ಷರ, ಅದೇ ಅಳತೆ. ಒಂದರಲ್ಲಿ 228.5 ಅಂತಿದೆ, ಇನ್ನೊಂದರಲ್ಲಿ 457. ಅಷ್ಟೇ ವ್ಯತ್ಯಾಸ. ಆ ಸಂಖ್ಯೆಗಳೂ ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ಸಣ್ಣಗೆ ಕೂತಿವೆ.

ಇದರ ಲೆಕ್ಕ ಅವರೇ ಬಿಡಿಸಿದರು. 228.5 ಅಂದರೆ ಪ್ರತಿ 5 ಎಂಎಲ್‌ನಲ್ಲಿ 200 ಮಿಲಿಗ್ರಾಂ ಅಮಾಕ್ಸಿಸಿಲಿನ್, 28.5 ಮಿಲಿಗ್ರಾಂ ಕ್ಲಾವ್ಯುಲನೇಟ್. 457 ಅಂದರೆ 400 ಮತ್ತು 57. ಸರಿಯಾಗಿ ದುಪ್ಪಟ್ಟು. ಹೋದ ಸಲ 228.5 ತಂದಿದ್ದ ಮನೆಯವರು ಈ ಸಲ 457 ತಂದು "ಹಳೆಯಂತೆ 5 ಎಂಎಲ್" ಅಂತ ಕುಡಿಸಿದರೆ ಡೋಸು ಎರಡು ಪಟ್ಟು. ಉಲ್ಟಾ ಆದರೆ ಅರ್ಧ. ಎಷ್ಟು ಎಂಎಲ್ ಅನ್ನುವುದು ಯಾವ ಬಾಟಲಿ ಅನ್ನುವುದರ ಜೊತೆಗೇ ಅರ್ಥ ಕೊಡುವ ಮಾತು. ಉಪ್ಪಿನಕಾಯಿಯಲ್ಲಿ ಖಾರ ಜಾಸ್ತಿ ಇರುವುದಕ್ಕೂ ಕಡಿಮೆ ಇರುವುದಕ್ಕೂ ಬೇರೆ ಬೇರೆ ಬಣ್ಣದ ಲೇಬಲ್ ಮಾಡಿಸುತ್ತಾರೆ ನಮ್ಮ ಗಿರಾಕಿಗಳು. ಮಕ್ಕಳ ಔಷಧಿ ಮಾಡುವವರಿಗೆ ಇನ್ನೊಂದು ಬಣ್ಣ ಭಾರವಾಯಿತಾ? ಇದೊಂದಕ್ಕೇ ಒಂದು ಅಂಕ ಕಡಿದೆ. ಯಜಮಾನರು ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡುತ್ತಾರಂತೆ, ಕೈ ತಪ್ಪಬಾರದು ಅಂತ.

ದೊಡ್ಡವರ ಗುಳಿಗೆಯಲ್ಲೂ ಇಂಥದೇ ಒಂದು ತಿರುವಿದೆ. 625 ಅಂದರೆ 500 ಮತ್ತು 125. 375 ಅಂದರೆ 250 ಮತ್ತು 125. ಎರಡರಲ್ಲೂ ಕ್ಲಾವ್ಯುಲನೇಟ್ 125ಏ. ಹಾಗಾಗಿ 625 ಸಿಗದಿದ್ದರೆ 375 ಎರಡು ನುಂಗಿದರಾಯ್ತು ಅನ್ನುವ ಲೆಕ್ಕ ನಡೆಯುವುದಿಲ್ಲ. ಕ್ಲಾವ್ಯುಲನೇಟ್ ಎರಡು ಪಟ್ಟು ಹೊಟ್ಟೆಗೆ ಹೋಗುತ್ತದೆ, ಹೊಟ್ಟೆ ಕೆಡಿಸುವುದರಲ್ಲಿ ಅದರದ್ದೇ ಕೈ ಜಾಸ್ತಿ.

ಹಾಗಾದರೆ ಅದನ್ನು ಯಾಕೆ ಸೇರಿಸುತ್ತಾರೆ ಅಂತ ನಾನೂ ಕೇಳಿದೆ. ಕೆಲವು ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ ಅನ್ನು ಮುರಿದುಹಾಕುವ ಒಂದು ಕಿಣ್ವ ತಯಾರಿಸಿಕೊಳ್ಳುತ್ತವೆ. ಕ್ಲಾವ್ಯುಲನೇಟ್ ಆ ಕಿಣ್ವಕ್ಕೆ ಹೋಗಿ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ತಾನಾಗಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಅದಕ್ಕೆ ಅಷ್ಟಕ್ಕಷ್ಟೆ. ಈ ಜೋಡಿ 1981ರಲ್ಲಿ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ದೇಶದ 2022ರ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಇಷ್ಟು ಹಳೆಯ ಔಷಧಿ ಇನ್ನೂ ಕೆಲಸ ಮಾಡುತ್ತಿದೆ ಅಂದರೆ ಉಳಿಸಿಕೊಳ್ಳಬೇಕು ಅನ್ನಿಸುವುದಿಲ್ವಾ?

ಇನ್ನು ಬಾಟಲಿ. 30 ಎಂಎಲ್‌ದು. ಬಾಕ್ಸಿನಲ್ಲಿ ಬಾಟಲಿ, ಶುದ್ಧ ನೀರಿನ ಸಣ್ಣ ಪ್ಲಾಸ್ಟಿಕ್ ಶೀಶೆ, ಅಳತೆಯ ಮುಚ್ಚಳ, ಮಡಚಿದ ಕಾಗದ. ನೀರಿನ ಶೀಶೆ ಕೊಟ್ಟಿದ್ದು ಒಳ್ಳೆಯ ಕೆಲಸ. ಅದು ಇಲ್ಲದ ಬಾಕ್ಸ್ ಬಂದರೆ ಕುದಿಸಿ ಪೂರ್ತಿ ಆರಿಸಿದ ನೀರು ಹಾಕಬೇಕು. ಬಿಸಿ ನೀರು ಬೇಡ, ನಳದಿಂದ ನೇರ ಹಿಡಿದ ನೀರೂ ಬೇಡ.

ಬೆರೆಸುವ ರೀತಿ ಹೀಗೆ. ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಗಟ್ಟಿ ಕೂತ ಪುಡಿಯನ್ನು ಸಡಿಲ ಮಾಡಬೇಕು. ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು. ನೊರೆ ಬರುತ್ತದೆ. ನೊರೆ ಇಳಿಯುವವರೆಗೆ ಕಾಯಬೇಕು. ಮಟ್ಟ ಗುರುತಿಗಿಂತ ಕೆಳಗೇ ಇರುತ್ತದೆ. ಆಗ ಸರಿಯಾಗಿ ಗುರುತಿಗೆ ಬರುವಷ್ಟು ಮತ್ತೆ ನೀರು ಹಾಕಿ ಇನ್ನೊಮ್ಮೆ ಅಲ್ಲಾಡಿಸಬೇಕು. ನೊರೆಯನ್ನೇ ನೀರು ಅಂದುಕೊಂಡು ಅಲ್ಲಿಗೇ ಬಿಟ್ಟರೆ ಸಿರಪ್ಪು ಗಟ್ಟಿಯಾಗುತ್ತದೆ, ಅಂದರೆ ಪ್ರತಿ ಚಮಚಕ್ಕೂ ಔಷಧಿ ಜಾಸ್ತಿ. ಗುರುತು ದಾಟಿಸಿದರೆ ತೆಳು.

ಎಲ್ಲಾ ಆ ಗುರುತಿನ ಮೇಲೆ ನಿಂತಿದೆ ಅಂತಾಯ್ತು. ಆ ಗುರುತು ಹೇಗಿದೆ ಕೇಳಿ. ಗಾಜಿನ ಮೇಲೆ ಸಣ್ಣ ಉಬ್ಬು ಗೆರೆ ಇದೆ, ಅದರ ಅರ್ಧ ಲೇಬಲ್ಲಿನ ಕೆಳಗೆ ಮುಚ್ಚಿಹೋಗಿದೆ. ಲೇಬಲ್ ಮೇಲೆ ಒಂದು ಬಾಣದ ಗುರುತನ್ನೂ ಛಾಪಿಸಿದ್ದಾರೆ. ನಾನು ತಂದದ್ದು ಒಂದೇ ಬ್ಯಾಚಿನ ಮೂರು ಬಾಟಲಿ. ಪಕ್ಕಪಕ್ಕ ಇಟ್ಟರೆ ಮೂರರಲ್ಲೂ ಬಾಣ ಒಂದೊಂದು ಎತ್ತರದಲ್ಲಿದೆ. ಲೇಬಲ್ ಹಚ್ಚುವ ಮಷೀನು ಮೇಲೆ ಕೆಳಗೆ ಸರಿದಿದೆ, ನಮ್ಮ ಭಾಷೆಯಲ್ಲಿ ರಿಜಿಸ್ಟ್ರೇಷನ್ ಔಟ್. ಲಗ್ನಪತ್ರಿಕೆಯಲ್ಲಿ ಗಣಪತಿ ಒಂದು ಕೂದಲೆಳೆ ಸರಿದರೂ ಗಿರಾಕಿ ಬಂದು ಜಗಳ ಮಾಡುತ್ತಾನೆ, ಇಲ್ಲಿ ಕೇಳುವವರಿಲ್ಲ. ಯಜಮಾನರ ಉತ್ತರ ಸ್ಪಷ್ಟವಾಗಿತ್ತು: "ಬಾಣ ನಂಬಬ್ಯಾಡ್ರಿ, ಗಾಜಿನ ಗೆರಿ ನೋಡ್ರಿ. ಬೆಳಕಿಗೆ ಹಿಡದ್ರ ಕಾಣ್ತೈತಿ." ಮೊದಲ ಬಾಟಲಿಯನ್ನು ಅವರೇ ಎದುರಿಗೆ ಬೆರೆಸಿ ತೋರಿಸಿದರು. ಇದಕ್ಕೆ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳಲಿಲ್ಲ. ಕೇಳಿದರೆ ಬೆರೆಸಿಕೊಡುವ ಅಂಗಡಿಗಳು ಬೇರೆ ಇರಬಹುದು, ನಿಮ್ಮ ಕಡೆ ಕೇಳಿ ನೋಡಿ.

ಮಿಕ್ಕ ಎರಡನ್ನು ಯಾಕೆ ಬೆರೆಸಲಿಲ್ಲ? ಇದು ಬಾಕ್ಸಿನ ಮೇಲೆ ಎಲ್ಲೂ ಬರೆಯದ, ಆದರೆ ತಿಳಿದಿರಲೇಬೇಕಾದ ಸಂಗತಿ. ದಿನಕ್ಕೆ 10 ಎಂಎಲ್ ಅಂದರೆ 30ರ ಬಾಟಲಿ 3 ದಿನಕ್ಕೆ ಖಾಲಿ. 7 ದಿನಕ್ಕೆ 70 ಎಂಎಲ್ ಬೇಕು, ಅಂದರೆ ಮೂರು ಬಾಟಲಿ. ಬೆರೆಸಿದ ಮೇಲೆ ಆಯಸ್ಸು ಫ್ರಿಜ್ಜಿನಲ್ಲಿ 7 ದಿನ ಮಾತ್ರ. ಪುಡಿಯಾಗಿ ಸೀಲ್ ಇದ್ದರೆ ಎಕ್ಸ್‌ಪೈರಿವರೆಗೂ ಗಟ್ಟಿ. ಹಾಗಾಗಿ ಒಂದು ಮುಗಿದ ಮೇಲೆ ಇನ್ನೊಂದು. ಮೂರನ್ನೂ ಮೊದಲ ದಿನವೇ ಬೆರೆಸಿ ಸಾಲಾಗಿ ಇಡುವುದು ಬೇಡ.

ಫ್ರಿಜ್ಜು ಅಂದರೆ ಬಾಗಿಲಿನ ತಟ್ಟೆಯಲ್ಲ, ಒಳಗಿನ ಹಲಗೆ. ಮೇಲಿನ ಐಸ್ ಪೆಟ್ಟಿಗೆಯೂ ಅಲ್ಲ. 2ರಿಂದ 8 ಡಿಗ್ರಿ ಇರಬೇಕು, ಹೆಪ್ಪುಗಟ್ಟಬಾರದು. ನಾವು ಬೆಟಗೇರಿಯವರು, ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಹೋದಾಗ ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯದಿದ್ದರೆ ತಂಪು ಸುಮಾರು ಹೊತ್ತು ನಿಲ್ಲುತ್ತದೆ. ಫ್ರಿಜ್ಜೇ ಇಲ್ಲದ ಮನೆಯವರು ಡಾಕ್ಟರಿಗೆ ಮೊದಲೇ ಹೇಳಿಬಿಡಬೇಕು. ನೀರಿನಲ್ಲಿ ಕರಗಿಸಿ ಕುಡಿಸುವ ಗುಳಿಗೆಯ ರೂಪದಲ್ಲೂ ಈ ಔಷಧಿ ಬರುತ್ತದೆ. ನಾಚಿಕೆಪಟ್ಟು ಸುಮ್ನೆ ಚೀಟಿ ಹಿಡಿದು ಬಂದರೆ ಸಿರಪ್ಪು ಕಿಟಕಿಯ ಮೇಲೆ ಕೂತು ಹಳದಿ ತಿರುಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ ಭಾಗ, ಲೇಬಲ್ಲು. ಬ್ರ್ಯಾಂಡ್ ಹೆಸರು ಎರಡು ಮಾರು ದೂರದಿಂದ ಕಾಣುತ್ತದೆ. ಬೆರೆಸಿದ ಮೇಲೆ ಏಳು ದಿನದೊಳಗೆ ಮುಗಿಸಿ, ಫ್ರಿಜ್ಜಿನಲ್ಲಿಡಿ ಅನ್ನುವ ಸಾಲು ನನ್ನ ಅಂದಾಜಿಗೆ ಐದು ಪಾಯಿಂಟಿನ ಒಳಗೆ. ಬೂದು ಬಣ್ಣ, ಬಿಳಿ ಹಿನ್ನೆಲೆ, ಇಂಗ್ಲಿಷು. ನಮ್ಮ ಪ್ರೆಸ್ಸಿನಲ್ಲಿ ಬಿಲ್ ಬುಕ್ಕಿನ ಕೆಳಗಿನ ಷರತ್ತುಗಳನ್ನು, ಅಂದರೆ ಯಾರೂ ಓದಬಾರದು ಅಂತಲೇ ಹಾಕಿಸುವ ಸಾಲುಗಳನ್ನು, ಆ ಸೈಜಿನಲ್ಲಿ ಹಾಕುತ್ತೇವೆ. ನನ್ನ ಬಾಟಲಿಯಲ್ಲಿ ಕನ್ನಡ ಒಂದು ಅಕ್ಷರ ಇರಲಿಲ್ಲ. ಒಳಗಿನ ಕಾಗದ ಇನ್ನೂ ಚೆಂದ: ತೆಳ್ಳಗೆ, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುವಂಥದ್ದು, ಅದೂ ಡಾಕ್ಟರಿಗೆ ಬರೆದ ಭಾಷೆಯಲ್ಲಿ.

ಎಡಗಡೆ ಉದ್ದಕ್ಕೆ ಒಂದು ಕೆಂಪು ಗೆರೆ ಇದೆ. ಅದಕ್ಕೆ ಮಾತ್ರ ನನ್ನ ಮೆಚ್ಚುಗೆ. ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿಗೆ ಆ ಗೆರೆ. ಲೇಬಲ್ಲಿನ ಮೇಲಿಂದ ಕೆಳಗಿನವರೆಗೆ, ಅಗಲ 1 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಂತ ನಿಯಮ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಈ ಕೆಂಪು ಗೆರೆಯ ಬಗ್ಗೆ ಪ್ರಚಾರ ಶುರು ಮಾಡಿತು. ಓದು ಬರದವರಿಗೂ ಕಾಣುವಂಥದ್ದು. ಗುಳಿಗೆಯ ಸ್ಟ್ರಿಪ್ಪಿನಲ್ಲೂ ಇರುತ್ತದೆ, ತಿರುಗಿಸಿ ನೋಡಿ. ಸೆಫಿಕ್ಸಿಮ್ ಥರದ ಕೆಲವಕ್ಕೆ ಇನ್ನೂ ಬಿಗಿ. 2014ರ ಮಾರ್ಚ್‌ನಿಂದ ಅವುಗಳನ್ನು ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ನಾಕಾದ ಅಂಗಡಿಯಲ್ಲಿ ಆ ರಿಜಿಸ್ಟರು ಕೌಂಟರಿನ ಮೇಲೇ ಇದೆ, ರಟ್ಟು ಹರಿದು ಟೇಪ್ ಹಚ್ಚಿಸಿಕೊಂಡಿದೆ. ಅಂದರೆ ಬಳಕೆಯಲ್ಲಿದೆ.

2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯ ಆಗಿದೆ. ನಮ್ಮ ಬಾಕ್ಸಿನಲ್ಲೂ ಕ್ಯೂಆರ್ ಇತ್ತು, ಸ್ಕ್ಯಾನ್ ಮಾಡಿದೆ. ಔಷಧಿ ಹೆಸರು, ಕಂಪನಿ, ಬ್ಯಾಚು, ತಯಾರಿಸಿದ ದಿನ, ಎಕ್ಸ್‌ಪೈರಿ, ಲೈಸೆನ್ಸ್ ನಂಬರು ಬಂತು. ಕಳ್ಳ ಮಾಲು ಹಿಡಿಯಲು ಒಳ್ಳೆಯದು. ಹೇಗೆ ಬೆರೆಸಬೇಕು ಅಂತ ಅದರಲ್ಲಿಲ್ಲ. ಅಷ್ಟು ಜಾಗ ಮಾಡಿದವರು ಜೊತೆಗೊಂದು ಕನ್ನಡದ ವಿಡಿಯೋ ಕೊಂಡಿ ಇಡಬಹುದಿತ್ತು.

ಅಳತೆಯ ಮುಚ್ಚಳದ ಬಗ್ಗೆ ಎರಡೇ ಮಾತು. ಪಾರದರ್ಶಕ ಪ್ಲಾಸ್ಟಿಕ್, ಅದರ ಮೇಲೆ ಬಣ್ಣವಿಲ್ಲದ ಉಬ್ಬು ಗೆರೆ. ಬಿಳಿ ಸಿರಪ್ಪು ಹಾಕಿದರೆ ಗೆರೆ ಮಾಯ. ಯಜಮಾನರು ಸೂಜಿ ಇಲ್ಲದ 5 ಎಂಎಲ್ ಸಿರಿಂಜು ಕೊಟ್ಟರು, ಅದರ ತುದಿಯ ಸಣ್ಣ ಟೋಪಿ ಇದ್ದರೆ ಕಿತ್ತು ಬಿಸಾಕಿ ಅಂತಲೂ ಹೇಳಿದರು, ಮಗುವಿನ ಗಂಟಲಿಗೆ ಹೋಗಬಾರದು ಅಂತ. ಸಿರಿಂಜಿನಲ್ಲಿ ಅಳತೆ ಕರಾರುವಾಕ್ಕು, ಕೆನ್ನೆಯ ಒಳಬದಿಗೆ ನಿಧಾನ ಬಿಟ್ಟರೆ ಉಗುಳುವುದೂ ಕಡಿಮೆ. ಅಡುಗೆಮನೆಯ ಚಮಚ ಬೇಡ. ನಮ್ಮನೆಯಲ್ಲೇ ಚಮಚಗಳು ನಾಲ್ಕು ಸೈಜಿನಲ್ಲಿವೆ.

ರುಚಿ? ಮೊದಲು ಕಿತ್ತಳೆ ಸಿಹಿ, ಹಿಂದೆಯೇ ಕಹಿ. ಮಗಳ ಮಾತಿನಲ್ಲಿ ಹೇಳಬೇಕೆಂದರೆ "ಮೊದ್ಲ ಛಲೋ, ಆಮ್ಯಾಲೆ ಛೀ". ಊಟದ ಶುರುವಿನಲ್ಲಿ ಕೊಡಿ ಅಂದಿದ್ದರು ಡಾಕ್ಟರು. ಹೊಟ್ಟೆಗೂ ಹಿತ, ಕ್ಲಾವ್ಯುಲನೇಟ್ ಮೈಗೆ ಹತ್ತುವುದೂ ಚೆನ್ನಾಗಿ. ಹಾಗಾಗಿ ಬೆಳಿಗ್ಗೆ ಎಂಟು, ರಾತ್ರಿ ಎಂಟು, ಮೊದಲ ತುತ್ತಿನ ಜೊತೆ. ಒಂದು ಲೋಟ ಹಾಲಿಗೆ ಬೆರೆಸುವ ಉಪಾಯ ಹೆಂಡತಿಯದು, ಯಜಮಾನರು ಬೇಡ ಅಂದರು. ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧಿ ಒಳಗೆ ಹೋಯಿತು ಅಂತ ಯಾರಿಗೆ ಗೊತ್ತು? ಪ್ರತಿ ಸಲ ಕೊಡುವ ಮುಂಚೆ ಬಾಟಲಿ ಅಲ್ಲಾಡಿಸಬೇಕು, ಔಷಧಿ ತಳಕ್ಕೆ ಕೂರುತ್ತದೆ. ಒಂದು ಡೋಸು ಮರೆತರೆ ನೆನಪಾದಾಗ ಕೊಡಬಹುದು. ಮುಂದಿನದಕ್ಕೆ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಬೇಕು, ಎರಡನ್ನು ಸೇರಿಸಿ ಕೊಡಬಾರದು. ಕುಡಿದ ಕೂಡಲೇ ವಾಂತಿ ಆದರೆ ಮತ್ತೆ ಕೊಡುವ ಮುಂಚೆ ಡಾಕ್ಟರಿಗೆ ಒಂದು ಫೋನು.

ನಾಲ್ಕೂವರೆ ಯಾಕೆ, ಐದು ಯಾಕಲ್ಲ ಅಂದರೆ ಹೊಟ್ಟೆಯ ಕಾರಣಕ್ಕೆ. ಎರಡನೇ ದಿನದಿಂದ ಮಗಳಿಗೆ ತೆಳ್ಳಗೆ ಆಗತೊಡಗಿತು. ಈ ಔಷಧಿಗೆ ಇದು ಸಾಮಾನ್ಯ ಅಂತ ಮೊದಲೇ ಎಚ್ಚರಿಸಿದ್ದರು, ಹಾಗಾಗಿ ಗಾಬರಿ ಆಗಲಿಲ್ಲ. ಓಆರ್‌ಎಸ್, ಅನ್ನ ಮೊಸರು. ಅವ್ವ, "ಗುಳಿಗಿ ಔಷಧ ನಡದಾಗ ಮೊಸರು ಕೊಡಬಾರ್ದವಾ" ಅಂದಳು. ಅವಳ ಮಾತಿಗೂ ಬುಡವಿಲ್ಲದೆ ಇಲ್ಲ. ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಥರದ ಬೇರೆ ಆಂಟಿಬಯೋಟಿಕ್‌ಗಳ ಜೊತೆ ಹಾಲು ಮೊಸರು ತಿಂದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಮಾಕ್ಸಿಸಿಲಿನ್‌ಗೆ ಆ ತಂಟೆ ಇಲ್ಲ. ಮೊಸರು ಕೊಟ್ಟೆವು. ಭೇದಿ ನೀರಿನಂತೆ ನಿಲ್ಲದೆ ಹೋದರೆ, ರಕ್ತ ಕಂಡರೆ, ಮಗು ಸೊರಗಿದರೆ ಅದು ಮನೆಯಲ್ಲಿ ನೋಡಿಕೊಳ್ಳುವ ವಿಷಯವಲ್ಲ. ಮೈಮೇಲೆ ಗಂಧೆ ಎದ್ದರೆ, ತುಟಿ ಮುಖ ಊದಿದರೆ, ಉಸಿರು ಕಟ್ಟಿದರೆ ಮುಂದಿನ ಡೋಸು ಕೊಡದೆ ನೇರ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ, ಯೋಚನೆ ಮಾಡುತ್ತಾ ಕೂರಬೇಡಿ.

ಎರಡು ಮೂರು ದಿನದಲ್ಲಿ ಜ್ವರ ಇಳಿದು ಮಗಳು ಓಣಿಯಲ್ಲಿ ಓಡಾಡತೊಡಗಿದಳು. ಇನ್ನು ಸಾಕಲ್ವಾ ಅನ್ನುವ ಮಾತು ಮನೆಯಲ್ಲಿ ಎದ್ದದ್ದೂ ಆಗಲೇ. ಡಾಕ್ಟರಿಗೇ ಕೇಳಿದೆ. ಕಿವಿಯೊಳಗಿನ ಸೋಂಕು ಜ್ವರ ಹೋದ ಕೂಡಲೇ ಹೋಗುವುದಿಲ್ಲ, ಬರೆದಷ್ಟು ದಿನ ಕೊಡಿ ಅಂದರು. ಕೊಟ್ಟೆವು. ಕಡಿಮೆ ಮಾಡಬೇಕಾದರೂ ಜಾಸ್ತಿ ಮಾಡಬೇಕಾದರೂ ಬರೆದವರನ್ನೇ ಕೇಳುವುದು, ನಾವೇ ತೀರ್ಮಾನ ಮಾಡುವುದಲ್ಲ. ಮರುಪರೀಕ್ಷೆಯಲ್ಲಿ ಕಿವಿ ಚೆನ್ನಾಗಿತ್ತು. ಅಲ್ಲಿಯವರೆಗೆ ತಲೆ ಸ್ನಾನ ಮಾಡಿಸುವಾಗ ಕಿವಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕಿತ್ತು, ಅದೇ ದೊಡ್ಡ ಕಷ್ಟವಾಯಿತು.

ಮೂರನೇ ಬಾಟಲಿಯಲ್ಲಿ 20 ಎಂಎಲ್ ಉಳಿಯಿತು. ಲೆಕ್ಕವೇ ಹಾಗಿದೆ, 90 ಕೊಂಡು 70 ಬಳಸುವುದು. "ಇಡು, ಮುಂದ ಯಾರಿಗಾದ್ರೂ ಬೇಕಾದೀತು" ಅಂದಳು ಅವ್ವ. ಅದೇ ಮನೆಯಲ್ಲಿ ಪೆನ್ಸಿಲಿನ್ ಆಗದ ಅಪ್ಪ ಇದ್ದಾನೆ. ಅಕ್ಕಪಕ್ಕದ ಮನೆಯ ಮಕ್ಕಳ ತೂಕ ಬೇರೆ, ಕಾಯಿಲೆ ಬೇರೆ. ಅದರ ಮೇಲೆ ಬೆರೆಸಿದ ಸಿರಪ್ಪಿಗೆ ಆಯಸ್ಸು ಏಳೇ ದಿನ. ಮೋರಿಗೆ ಸುರಿಯಬಾರದು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದು ಅಭ್ಯಾಸದ ಪಾಠ. ಅಂಗಡಿಯವರು ವಾಪಸ್ ತೆಗೆದುಕೊಂಡರೆ ಕೊಟ್ಟುಬಿಡಿ. ಇಲ್ಲದಿದ್ದರೆ ಮಣ್ಣಿಗೋ ಚಹಾದ ಗಸಿಗೋ ಬೆರೆಸಿ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ. ಬಾಟಲಿಯ ಲೇಬಲ್ ಕಿತ್ತು ಹಾಕಿ.

ಅಂಗಡಿಗೆ ಪೂರ್ತಿ ಐದು ಬಂದದ್ದು ಒಂದು ತುಂಡು ಕಾಗದಕ್ಕೆ. ಮೊದಲ ಬಾಟಲಿ ಬೆರೆಸಿದ ಮೇಲೆ ಅವರು ಬೆನ್ನಿಗೆ ಬಿಳಿ ಪಟ್ಟಿ ಹಚ್ಚಿ ಪೆನ್ನಿನಿಂದ ಕನ್ನಡದಲ್ಲಿ ಬರೆದರು: ಬೆರೆಸಿದ ದಿನ, ಬಿಸಾಕುವ ದಿನ, ಎಷ್ಟು ಎಂಎಲ್, ಯಾವಾಗ. ಅಷ್ಟು ದೊಡ್ಡ ಕಂಪನಿಯ ಲೇಬಲ್ಲು ಹೇಳದ್ದನ್ನು ಎರಡು ರೂಪಾಯಿಯ ಪೆನ್ನು ಹೇಳಿತು. ಆದರೆ ಪೆನ್ನಿನ ಅಕ್ಷರ ಫ್ರಿಜ್ಜಿನ ತೇವಕ್ಕೆ ಕದಡುತ್ತದೆ. ಹಾಗಾಗಿ ನಾನು ಪ್ರೆಸ್ಸಿನಲ್ಲಿ ಅದನ್ನೇ ಸ್ಟಿಕ್ಕರ್ ಮಾಡಿಕೊಟ್ಟೆ. ಅಕ್ಷರ 14 ಪಾಯಿಂಟು, ದಪ್ಪಗೆ. ಮೇಲೆ ಕೆಂಪು ಪಟ್ಟಿಯಲ್ಲಿ "ಅಲ್ಲಾಡಿಸಿ ಕೊಡಿ", ಕೆಳಗೆ "ಉಳಿದದ್ದು ಇಡಬೇಡಿ", ನಡುವೆ ತುಂಬಲು ಖಾಲಿ ಜಾಗ. ಬ್ಯಾಚ್ ನಂಬರು, ಎಕ್ಸ್‌ಪೈರಿ ಮುಚ್ಚಬಾರದು ಅನ್ನುವುದು ಯಜಮಾನರ ಕರಾರು, ಅದಕ್ಕೆ ಅಗಲ ಕಡಿಮೆ ಇಟ್ಟಿದ್ದೇನೆ. ಎ4 ಗಮ್ ಹಾಳೆಗೆ 40 ಕೂರುತ್ತವೆ. ಬೇರೆ ಮೆಡಿಕಲ್‌ನವರಿಗೆ ಬೇಕಿದ್ದರೆ ಫೈಲು ಹಾಗೇ ಕೊಡುತ್ತೇನೆ, ಹಾಳೆಯ ಖರ್ಚು ನಿಮ್ಮದು. ಮಾಮೂಲಿ ಕಾಗದದ್ದು ಬೇಡ, ಪ್ಲಾಸ್ಟಿಕ್ ಕೋಟಿಂಗ್ ಇರುವುದನ್ನೇ ತನ್ನಿ.